ಪಿಸುಮಾತು ಹೋಗುವ ದಾರಿ

ಮಕ್ಕಳೇ, ಶಾಲೆಯ ಮೈದಾನದ ಈ ತುದಿಯಲ್ಲಿ ನಿಂತು ಪಿಸುಗುಟ್ಟಿದರೆ ಆ ತುದಿಯಲ್ಲಿರುವ ಗೆಳೆಯನಿಗೆ ಕೇಳಿಸೀತೇ? ಇಲ್ಲ, ಅಲ್ಲವೇ? ವಿಜಯಪುರದ ಗೋಳಗುಮ್ಮಟದಲ್ಲಿ ಸುಮಾರು 38 ಮೀಟರ್ ಆಚೆ ಇರುವವರಿಗೂ ಕೇಳಿಸುತ್ತದೆ. ನನ್ನ ಚಿಕ್ಕಪ್ಪನ ಜೊತೆ ಅಲ್ಲಿಗೆ ಹತ್ತಿದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮದು ತುಮಕೂರಿನ ಉಪ್ಪಾರಹಳ್ಳಿ. ಚಿಕ್ಕಪ್ಪ ಗಾರೆ ಕೆಲಸದ ಮೇಸ್ತ್ರಿ. ಒಮ್ಮೆ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಮನೆಯ ಮಹಡಿಗೂ ಹತ್ತುತ್ತಿರಲಿಲ್ಲ. ಕರಣೆ, ತೂಕದ ಗುಂಡು ಚೀಲ ಸೇರಿ ಮೂಲೆಯಲ್ಲಿದ್ದವು. "ಕೆಳಗೆ ನಿಂತೇ ನೋಡ್ತೀನಿ, ಹತ್ತು ಅನ್ನಬಾರದು" ಎಂಬ ಕರಾರಿನ ಮೇಲೆ ದಸರಾ ರಜೆಯಲ್ಲಿ ನನ್ನೊಡನೆ ರೈಲು ಹತ್ತಿದರು.

ಗೋಳಗುಮ್ಮಟವು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಷಾನ ಸಮಾಧಿ. ಒಳಗೆ ಒಂದೂ ಕಂಬವಿಲ್ಲ. ಅದು ಜಗತ್ತಿನಲ್ಲಿ ಎಷ್ಟನೆಯ ದೊಡ್ಡ ಗುಮ್ಮಟ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ನಡುವೆ ನಿಂತು ತಲೆ ಎತ್ತಿದರೆ ಸಾಕು. ಚಿಕ್ಕಪ್ಪ ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, "ಕಮಾನು ಸರಿಯಾಗಿ ಕಾಣ್ತಾ ಇಲ್ಲ. ಮೇಲಿಂದ ಕಾಣ್ತದಾ?" ಎಂದರು. ನಾನು ಹೂಂ ಎಂದೆನೇ ಹೊರತು ಬೇರೇನೂ ಹೇಳಲಿಲ್ಲ.

ನಾಲ್ಕು ಮೂಲೆಗಳಲ್ಲೂ ಏಳು ಅಂತಸ್ತಿನ ಗೋಪುರಗಳಿವೆ. ಅವುಗಳೊಳಗೆ ಇಕ್ಕಟ್ಟಾದ ಮೆಟ್ಟಿಲು. ಎರಡೂ ಕಡೆ ಗೋಡೆ ಇದ್ದುದರಿಂದ ಚಿಕ್ಕಪ್ಪ ಕೈಯೂರಿಕೊಂಡು, ಅಂತಸ್ತಿಗೊಮ್ಮೆ ನಿಂತು ಹತ್ತಿದರು. ಕಷ್ಟ ಬಂದದ್ದು ಮೇಲೆ ಹೋದಾಗ. ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಮೊಗಸಾಲೆಯಿದೆ. ನೆಲ ಅಲ್ಲಿಂದ ಸುಮಾರು 33 ಮೀಟರ್ ಕೆಳಗೆ! ಚಿಕ್ಕಪ್ಪ ಗೋಡೆಗೆ ಬೆನ್ನು ಹಚ್ಚಿ ಕುಳಿತೇಬಿಟ್ಟರು.

ನಾನು ಎದುರು ಬದಿಗೆ ಹೋಗಿ ಗೋಡೆಯತ್ತ ಮುಖ ಮಾಡಿ, "ಚಿಕ್ಕಪ್ಪಾ, ಕೇಳಿಸ್ತಾ ಐತಾ?" ಎಂದು ಪಿಸುಗುಟ್ಟಿದೆ.

"ಪಕ್ಕದಲ್ಲೇ ಕೂತಂಗೈತಲ್ಲೋ!"

ಅವರು ಗೋಡೆಗೆ ಅಂಟಿಕೊಂಡದ್ದೇ ಒಳ್ಳೆಯದಾಯಿತು. ಏಕೆ ಗೊತ್ತೇ? ಬಯಲಿನಲ್ಲಿ ಶಬ್ದ ಎಲ್ಲ ದಿಕ್ಕಿಗೂ ಹರಡುತ್ತದೆ. ದೂರ ಎರಡು ಪಟ್ಟಾದರೆ ಅದರ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಳಬಾಗಿದ ನುಣುಪು ಗೋಡೆಯ ಪಕ್ಕದಲ್ಲಿ ಹಾಗಲ್ಲ. ಶಬ್ದ ಗೋಡೆಗೆ ತಾಗಿ, ತಿರುಗಿ, ಮತ್ತೆ ತಾಗಿ, ಗೋಡೆಯನ್ನು ಸವರಿಕೊಂಡೇ ಸಾಗುತ್ತದೆ. ಹೆಚ್ಚು ಚದುರುವುದಿಲ್ಲ. ಲಂಡನ್ನಿನ ಸಂತ ಪಾಲರ ಚರ್ಚಿನ ಇಂಥದೇ ಗುಮ್ಮಟವನ್ನು ಕುರಿತು ಇದನ್ನು ವಿವರಿಸಿದವರು ಲಾರ್ಡ್ ರೇಲೀ. 1921ರಲ್ಲಿ ನಮ್ಮ ಸಿ.ವಿ. ರಾಮನ್ ಕೂಡ ಅಲ್ಲಿ ಪ್ರಯೋಗ ಮಾಡಿದರು.

ಚಪ್ಪಾಳೆ ತಟ್ಟಿದರೆ ಕೇಳುವುದು ಬೇರೆ, ಅದು ಪ್ರತಿಧ್ವನಿ. ಶಬ್ದ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ.

ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಚಿಕ್ಕಪ್ಪ ಎದ್ದು ನಿಂತು ಕಟಕಟೆ ಹಿಡಿದು ಕೆಳಗೆ ಬಗ್ಗಿದ್ದಾರೆ! ಅಲ್ಲಿಂದಲೇ ನನಗೆ ಪಾಠ ಶುರುವಾಯಿತು. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು ಓರೆಯಾಗಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬಂತಲ್ಲವೇ? ಕಮಾನುಗಳು ಹೀಗೆಯೇ ಒಂದನ್ನೊಂದು ದಾಟುತ್ತವೆ, ಅವುಗಳ ಮೇಲೆ ಗುಮ್ಮಟ ಕೂತಿದೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಅದನ್ನು ತಡೆಯುತ್ತದೆ. ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಅದು ತಳ್ತೈತೆ, ಇದು ಎಳೀತೈತೆ."

ಆ ಕಾಲದವರು ಇಷ್ಟೆತ್ತರಕ್ಕೆ ಸಾರುವೆ ಹೇಗೆ ಕಟ್ಟಿದರು ಎಂದು ಊರಿಗೆ ಬರುವವರೆಗೂ ಕೇಳುತ್ತಲೇ ಇದ್ದರು.

ನೀವು ಒಂದು ಪ್ರಯೋಗ ಮಾಡಿ. ಮೂರು ಡ್ರಾಯಿಂಗ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಅರ್ಧ ವೃತ್ತವಾಗಿ ಬಗ್ಗಿಸಿ ನೆಲದ ಮೇಲೆ ನಿಲ್ಲಿಸಿ. ಒಳಬದಿಯ ಒಂದು ತುದಿಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ ಇಡಿ, ಇನ್ನೊಂದು ತುದಿಯಲ್ಲಿ ಕಿವಿ ಇಡಿ. ಈಗ ಗೆಳೆಯನೊಬ್ಬ ನಡುವೆ, ಹಾಳೆಗೆ ತಾಗಿದಂತೆ, ಎರಡು ಬೆರಳು ಅಗಲದ ರಟ್ಟಿನ ತುಂಡನ್ನು ಅಡ್ಡ ಹಿಡಿಯಲಿ. ಏನಾಯಿತೆಂದು ಬರೆದಿಡಿ.