ಭಯದ ತೂಕ

ಭಯವು ಮನುಷ್ಯನಿಗೆ ಸಹಜವಾದುದು. ಅದಿಲ್ಲದಿದ್ದರೆ ಅವನು ಬಹುಕಾಲ ಬಾಳಲಾರನು. ಆದರೆ ಯಾವುದಕ್ಕೆ ಎಷ್ಟು ಅಂಜಬೇಕೆಂಬ ವಿವೇಕವು ಭಯದೊಡನೆ ತಾನಾಗಿ ಹುಟ್ಟಿಬರುವುದಿಲ್ಲ. ಅದನ್ನು ನಾವೇ ಗಳಿಸಿಕೊಳ್ಳಬೇಕು.

ಮಲೆನಾಡಿನ ನನ್ನ ಮಿತ್ರರೊಬ್ಬರು ಅಡಿಕೆ ತೋಟದ ನಡುವಿನ ಒಂಟಿಮನೆಯಲ್ಲಿ ವಾಸವಾಗಿದ್ದಾರೆ. ಪತ್ನಿ ತೀರಿಕೊಂಡ ಮೇಲೆ ಅವರು ಒಬ್ಬರೇ; ಮಕ್ಕಳೆಲ್ಲ ದೂರದ ಊರುಗಳಲ್ಲಿದ್ದಾರೆ. ಪಕ್ಕದ ಹಳ್ಳಿಯಲ್ಲಿ ಕಳ್ಳತನವಾದಂದಿನಿಂದ ಅವರಿಗೆ ನಿದ್ರೆ ಹತ್ತದಾಯಿತು. "ಒಂದು ಕೋವಿ ಇಟ್ಟುಕೊಳ್ಳೋಣವೆಂದಿದ್ದೇನೆ. ನೀವೇನು ಹೇಳುತ್ತೀರಿ?" ಎಂದು ನನ್ನನ್ನು ಕೇಳಿದರು.

ಕೋವಿ ಇಟ್ಟುಕೊಳ್ಳುವುದೇ ತಪ್ಪೆಂದು ನಾನು ಹೇಳಲಾರೆ. ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿ ಪಡೆದು ಇಟ್ಟುಕೊಳ್ಳಲು ಅವಕಾಶವಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಆ ಪರವಾನಗಿಯಿಂದಲೇ ವಿನಾಯಿತಿಯುಂಟು; ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ. ಆದಕಾರಣ, "ಆಯ್ಕೆ ನಿಮ್ಮದು. ಆದರೆ ನಿಮ್ಮ ಪ್ರಾಣಕ್ಕೆ ದಿನವೂ ಎಲ್ಲೆಲ್ಲಿ ಅಪಾಯವಿದೆಯೆಂದು ಮೊದಲು ಎಣಿಸೋಣ" ಎಂದೆನು.

ಇಬ್ಬರೂ ಕುಳಿತು ಎಣಿಸಿದೆವು. ಅವರು ದಿನವೂ ಮೋಟಾರು ಸೈಕಲ್ಲಿನಲ್ಲಿ ಪೇಟೆಗೆ ಹೋಗುವರು. ಹೆಲ್ಮೆಟ್ಟು ಮಾತ್ರ ಗೋಡೆಯ ಮೊಳೆಯಲ್ಲೇ ಉಳಿಯುವುದು. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಹೆಲ್ಮೆಟ್ಟು ಧರಿಸದ ದ್ವಿಚಕ್ರ ವಾಹನದವರು. ಮಳೆಗಾಲದ ರಾತ್ರಿಯಲ್ಲಿ ಪಂಪುಸೆಟ್ಟು ನೋಡಲು ಅವರು ಬರಿಗಾಲಿನಲ್ಲಿ, ಕೈಯಲ್ಲಿ ದೀಪವಿಲ್ಲದೆ ತೋಟಕ್ಕಿಳಿಯುವರು. ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಮಡಿದವರು ಸುಮಾರು ಹನ್ನೆರಡು ಲಕ್ಷ ಜನ. ಈ ಎರಡು ಅಪಾಯಗಳೂ ಅವರ ಒಂದು ರಾತ್ರಿಯ ನಿದ್ರೆಯನ್ನೂ ಕೆಡಿಸಿರಲಿಲ್ಲ.

ಹೀಗೇಕೆ? ಸುಲಭವಾಗಿ ನೆನಪಿಗೆ ಬರುವುದನ್ನೇ ಮನಸ್ಸು ಹೆಚ್ಚಾಗಿ ನಡೆಯುವುದೆಂದು ಭಾವಿಸುತ್ತದೆಂಬುದನ್ನು ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ೧೯೭೩ರಲ್ಲಿ ವಿವರಿಸಿದರು. ಕಳ್ಳನ ಸುದ್ದಿ ಊರೂರು ಸುತ್ತುತ್ತದೆ. ದಿನವೂ ನಡೆದ ದಾರಿಯದು ಸುದ್ದಿಯೇ ಅಲ್ಲ.

ಇನ್ನು ಕೋವಿಯೂ ಮನೆಯೊಳಗೆ ತನ್ನದೇ ಅಪಾಯವನ್ನು ತರುತ್ತದೆ. ಅದನ್ನು ಕೊಳ್ಳುವವನ ಕಣ್ಣಮುಂದೆ ಕಳ್ಳನಿರುತ್ತಾನೆ, ತಾನಿರುವುದಿಲ್ಲ. ಮನೆಮನೆಗಳಲ್ಲಿ ಬಂದೂಕು ಸಾಮಾನ್ಯವಾಗಿರುವ ಅಮೆರಿಕದಲ್ಲಿ ೨೦೨೧ರಲ್ಲಿ ಗುಂಡಿನಿಂದ ಸತ್ತವರು ೪೮,೮೩೦ ಮಂದಿ. ಅವರಲ್ಲಿ ೨೬,೩೨೮ ಜನರು, ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ, ತಮ್ಮ ಕೈಯಿಂದಲೇ ಸತ್ತವರು. ಮನಸ್ಸು ಕುಸಿದ ಗಳಿಗೆ ಎಷ್ಟೋ ವೇಳೆ ಕಳೆದುಹೋಗುತ್ತದೆ. ಕೈಗೆಟುಕುವಲ್ಲಿ ಕೋವಿಯಿದ್ದರೆ ಅದು ಕಳೆಯಲು ಅವಕಾಶವೇ ಸಿಗದೆ ಹೋಗಬಹುದು. ಒಂಟಿಯಾಗಿರುವ ಮಿತ್ರರಿಗೆ ಈ ಮಾತನ್ನು ಹೇಳುವುದು ಸುಲಭವಾಗಿರಲಿಲ್ಲ. ಆದರೂ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ದೃಷ್ಟಿಯಿಂದ ನಾನು ನೋಡಿರಲಿಲ್ಲ" ಎಂದರು.

ಅವರಿನ್ನೂ ನಿರ್ಧರಿಸಿಲ್ಲ, ನಿರ್ಧರಿಸಬೇಕಾದವರೂ ಅವರೇ. ಇಟ್ಟುಕೊಂಡರೂ ಅದನ್ನು ಗುಂಡಿಲ್ಲದೆ, ಬೀಗದೊಳಗೆ, ಮದ್ದುಗುಂಡನ್ನು ಬೇರೆಡೆಯಲ್ಲಿ ಇರಿಸಬೇಕೆಂಬುದು ನನ್ನ ವಿನಂತಿ. ಓದುಗರೂ ತಮ್ಮ ತಮ್ಮ ಮನೆಗಳಲ್ಲಿ ಹೀಗೊಮ್ಮೆ ಎಣಿಸಿ ನೋಡುವುದು ಒಳ್ಳೆಯದು. ರಾತ್ರಿ ಬಾಗಿಲಿಗೆ ಅಗುಳಿ ಹಾಕಲು ಯಾರೂ ಮರೆಯುವುದಿಲ್ಲ. ಬೆಳಿಗ್ಗೆ ಅದೇ ಬಾಗಿಲು ತೆರೆದು ಹೊರಡುವಾಗಲೂ ಅಷ್ಟೇ ಎಚ್ಚರವಿರಲಿ.