ದೇವರ ಒಲವಿನ ಪದ

ಮೈಸೂರಿನ ಚಾಮುಂಡಿ ಬೆಟ್ಟಕ್ಕೂ ನಂಜನಗೂಡಿನ ಕಪಿಲಾ ತೀರಕ್ಕೂ ನಡುವೆ ಇರುವ ದೂರ ಸುಮಾರು 25 ಕಿಲೋಮೀಟರ್. ಈ ದಾರಿಯಲ್ಲಿಯೇ ತಾಂಡ್ಯದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಹಗಲಿರುಳೂ ದುಡಿಯುವ ಕಾರ್ಖಾನೆಗಳು, ಸರಕು ಹೊತ್ತ ಲಾರಿಗಳು, ಪಾಳಿ ಮುಗಿಸಿ ಮನೆಗೆ ಮರಳುವ ಕೆಲಸಗಾರರು ಇಂದಿನ ನೋಟ. ಆದರೆ ಈ ಸೀಮೆಯ ತಂಬೂರಿಯ ಪದಗಾರರ ಪಾಲಿಗೆ ಇದು ಬರಿಯ ಹೆದ್ದಾರಿಯಲ್ಲ. ಒಂದು ತುದಿಯಲ್ಲಿ ಒಲಿದ ಹೆಣ್ಣು, ಇನ್ನೊಂದು ತುದಿಯಲ್ಲಿ ಒಲಿಸಿಕೊಂಡ ಗಂಡು. ಇವರಿಬ್ಬರ ನಡುವಣ ನೆಲವಿದು. ಆ ಹೆಣ್ಣು ಬೆಟ್ಟದ ಚಾಮುಂಡಿ. ಆ ಗಂಡು ಹೊಳೆಯ ದಡದ ನಂಜುಂಡ.

ಸಂಸ್ಕೃತ ಪುರಾಣಗಳನ್ನು ಓದಿದವರಿಗೆ ಇದು ವಿಚಿತ್ರವೆನಿಸಬಹುದು. ದೇವೀಮಹಾತ್ಮ್ಯೆಯಲ್ಲಿ ಮಹಿಷನನ್ನು ಮರ್ದಿಸಿದ ದೇವಿಗೆ ಪ್ರಿಯಕರನಿಲ್ಲ. ಹಾಲಾಹಲವನ್ನು ಕಂಠದಲ್ಲಿ ಧರಿಸಿದ ಶ್ರೀಕಂಠೇಶ್ವರನೋ ಪಾರ್ವತಿಯ ಪತಿ. ಜನಪದರು ಈ ಕಥೆಗಳನ್ನು ಅಲ್ಲಗಳೆಯಲಿಲ್ಲ. ಅವುಗಳ ಮುಂದಿನ ಪುಟಗಳನ್ನು ತಾವೇ ಬರೆದುಕೊಂಡರು. ರಕ್ಕಸನನ್ನು ಕೊಂದ ಮೇಲೆ ಚಾಮುಂಡಿ ಏನು ಮಾಡಿದಳು? ಅವಳಿಗೂ ಒಂದು ಮನಸ್ಸು ಇರಬೇಡವೆ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಅವರ ಒಲವಿನ ಪದ.

ಪದಗಾರನಿಂದ ಪದಗಾರನಿಗೆ ಕಥೆಯ ವಿವರಗಳು ಬದಲಾಗುತ್ತವೆ; ತಿರುಳು ಮಾತ್ರ ಒಂದೇ. ನಂಜುಂಡನಿಗೆ ಮನೆಯಲ್ಲಿ ಹೆಂಡತಿ ದೇವೀರಿ ಇದ್ದಾಳೆ. ಆದರೂ ಅವನ ಮನಸ್ಸು ಬೆಟ್ಟದವಳಲ್ಲಿ ನೆಟ್ಟಿದೆ. ಮುಂದಿನದು ಮುನಿಸು, ಜಗಳ, ಸಂಧಾನ. ಮುಖ್ಯ ಹಾಡುಗಾರ ತಂಬೂರಿ ಮೀಟುತ್ತ ಕಥೆ ನಡೆಸುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ನಡುನಡುವೆ ಹಾಡು ನಿಂತು ಮಾತು ಬರುತ್ತದೆ. ಮಾತು ಉಕ್ಕಿ ಮತ್ತೆ ಹಾಡಾಗುತ್ತದೆ. ಲೋಕದ ನಂಜನ್ನೆಲ್ಲ ನುಂಗಿದ ಸ್ವಾಮಿಗೆ ಹೆಂಡತಿಯ ಒಂದು ಬಿರುನುಡಿಯನ್ನು ನುಂಗಲು ಆಗುವುದಿಲ್ಲ! ಕೇಳುವವರು ನಗದೆ ಇರುವುದೆಂತು? ಆದರೆ ಆ ನಗೆಯ ಹಿಂದೆಯೇ ದೇವೀರಿಯ ಅಳಲೂ ಬರುತ್ತದೆ. ಗಂಡನ ಮನಸ್ಸು ಬೇರೆಡೆಗೆ ತಿರುಗಿದ ಹೆಣ್ಣಿನ ನೋವು ಕೇಳುಗರಿಗೆ ಹೊಸದೇನಲ್ಲ. ದೇವತೆಯ ಹೆಸರಿನಲ್ಲಿ ತಮ್ಮ ಮನೆಯ ಮಾತನ್ನೇ ಕೇಳಿದಂತಾಗಿ ನಗೆ ತಾನಾಗಿ ಅಡಗುತ್ತದೆ.

ಇಂಥ ಹಾಡುಗಳನ್ನು ಬಹುಕಾಲ ವಿದ್ವಾಂಸರು ಗಮನಿಸಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಗೊಂಡಿತು. ಸಂಗ್ರಾಹಕರು ಹಳ್ಳಿಹಳ್ಳಿಗೆ ಹೋಗಿ ಪದಗಾರರ ಎದುರು ಕುಳಿತ ಕಾಲವದು. ಪಿ. ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಹೊರತಂದ ‘ಬೆಟ್ಟದ ಚಾಮುಂಡಿ’ ಈ ಪರಂಪರೆಯ ಕಾವ್ಯವನ್ನು ಓದುಗರಿಗೆ ಒದಗಿಸಿತು. ಮುಂದೆ ಸುಜಾತಾ ಅಕ್ಕಿ ಅವರು ಇದೇ ಪ್ರಣಯವನ್ನು ‘ಚಾಮಚೆಲುವೆ’ ಎಂಬ ನಾಟಕವಾಗಿಸಿದರು. ಮಂಡ್ಯ ರಮೇಶ್ ಅವರ ನಿರ್ದೇಶನದಲ್ಲಿ ಮೈಸೂರಿನ ‘ನಟನ’ ತಂಡ ಅದನ್ನು ರಂಗಕ್ಕೆ ತಂದಿತು. ಜಗುಲಿಯ ಮೇಲೆ ಹುಟ್ಟಿದ ಪದ ಹೀಗೆ ಪುಸ್ತಕವಾಯಿತು, ನಾಟಕವೂ ಆಯಿತು.

ಹಾಗಾದರೆ ದೇವರ ವಿಷಯದಲ್ಲಿ ಏನನ್ನು ಹೇಳಿದರೂ ಈ ಜನ ಒಪ್ಪುತ್ತಾರೆಯೆ? ಇದೇ ಸೀಮೆಯ ಇನ್ನೊಂದು ಹಾಡಿನ ಕಥೆಯನ್ನು ನೋಡಬೇಕು. ಮಲೆಯ ಮಹದೇಶ್ವರ ಜಂಗಮನಾಗಿ ಸಂಕಮ್ಮನ ಮನೆಗೆ ಭಿಕ್ಷೆಗೆ ಬರುವ ‘ಕೋಲುಮಂಡೆ’ ಪದ ಕಂಸಾಳೆಯವರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದಿತ್ತು. 1996ರಲ್ಲಿ ಟಿ. ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಚಿತ್ರದ ಮೂಲಕ ಅದು ನಾಡಿನ ಮನೆಮನೆಗೂ ತಲುಪಿತು, ಎಲ್. ಎನ್. ಶಾಸ್ತ್ರಿ ಅವರ ಕಂಠವನ್ನು ಜನ ಮೆಚ್ಚಿಕೊಂಡರು. ಅದೇ ಪದ 2020ರಲ್ಲಿ ರ್‍ಯಾಪ್ ಧಾಟಿಯ ದೃಶ್ಯಗೀತೆಯಾಗಿ ಬಂದಾಗ ಕಥೆ ಬೇರೆಯಾಯಿತು. ಶರಣೆ ಸಂಕಮ್ಮನನ್ನು ಚಿತ್ರಿಸಿದ ರೀತಿ ಭಕ್ತರನ್ನು ನೋಯಿಸಿತು, ಪ್ರತಿಭಟನೆ ಎದ್ದಿತು. ಕಡೆಗೆ ದೃಶ್ಯಗೀತೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಗಾಯಕರು ಕ್ಷಮೆ ಯಾಚಿಸಿದರು.

ನಂಜುಂಡನ ಪ್ರಣಯವನ್ನು ಕೇಳಿ ನಗುವ ನಾಡು ಇಲ್ಲಿ ಏಕೆ ಮುನಿಯಿತು? ಹೊಸ ವಾದ್ಯ, ಹೊಸ ಧಾಟಿ ಬಂದುದಷ್ಟೇ ಕಾರಣವಾಗಿರಲಾರದು. ಚಲನಚಿತ್ರಕ್ಕೆ ಹೋದಾಗಲೂ ಹಾಡು ಹೊಸ ಉಡುಗೆಯನ್ನೇ ತೊಟ್ಟಿತ್ತಲ್ಲ! ತಂಬೂರಿಯವನು ದೇವರನ್ನು ಕೆಣಕುತ್ತಾನೆ, ನಿಜ. ಆದರೆ ಆ ದೇವರಿಗೆ ಹರಕೆ ಹೊತ್ತವನೂ ಅವನೇ. ಜಾತ್ರೆಯಲ್ಲಿ ತೇರಿಗೆ ಕೈಮುಗಿಯುವವನೂ ಅವನೇ. ಅವನ ಪರಿಹಾಸ್ಯ ಮನೆಯ ಹಿರಿಯರೊಡನೆ ಮೊಮ್ಮಕ್ಕಳು ಆಡುವ ಸಲಿಗೆಯ ಮಾತಿನಂಥದು. ಸಂಕಮ್ಮ ಈ ಜನಕ್ಕೆ ಕಥೆಯ ಪಾತ್ರವಷ್ಟೇ ಅಲ್ಲ. ಕಷ್ಟದ ದಿನಗಳಲ್ಲಿ ನೆನೆಯುವ ತಾಯಿ. ಆ ನಂಟನ್ನು ಮರೆತು ನೋಟಕ್ಕಾಗಿ ಮಾತ್ರ ಅವಳನ್ನು ತಂದು ನಿಲ್ಲಿಸಿದರೆ ಸಲಿಗೆ ಅವಮಾನವಾಗುತ್ತದೆ.

ಇಡೀ ರಾತ್ರಿ ಕುಳಿತು ಪದ ಕೇಳುವವರು ಇಂದು ಕಡಿಮೆಯಾಗಿದ್ದಾರೆ. ಹಾಡಿನ ತುಣುಕುಗಳು ದುಡಿಯುವವರ ಕೈಯಲ್ಲಿರುವ ಫೋನಿಗೆ ಬಂದು ಸೇರಿವೆ. ಅದನ್ನು ಕಂಡು ಮರುಗಬೇಕಾಗಿಲ್ಲ. ಪದ ಎಂದೂ ಒಂದೇ ಕಡೆ ನಿಂತದ್ದಲ್ಲ. ಆದರೆ ತುಣುಕಿನಲ್ಲಿ ನಂಜುಂಡನ ಸರಸ ಕೇಳಿಸುತ್ತದೆ, ದೇವೀರಿಯ ಅಳಲು ಕೇಳಿಸದೆ ಹೋಗಬಹುದು. ಹೊಸ ಕಾಲದ ಹಾಡುಗಾರರು ಪದವನ್ನು ಎತ್ತಿಕೊಳ್ಳುವಾಗ ಅವಳ ಅಳಲನ್ನೂ ಜೊತೆಯಲ್ಲಿ ಎತ್ತಿಕೊಂಡರೆ, ಈ ಜನ ಅವರಿಗೂ ಸೊಲ್ಲು ಕೊಟ್ಟಾರು.