ಬುಉನ್ ನಾಗಾಹಿಸಾ ಅವರ ಮನೆ ಎಲ್ಲಿ?

ಗರಾಜ್ ಸೇಲ್‌ಗಳಿಂದ ನಾನು ಹೊತ್ತು ತರುವ ವಸ್ತುಗಳ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಕೂಗದ ಕೋಗಿಲೆಯ ಗಡಿಯಾರ, ಮುಚ್ಚಳವಿಲ್ಲದ ಟೀಪಾಟು, ಆರೇ ಕಾಯಿ ಕಡಿಮೆ ಇರುವ ಚದುರಂಗ. ಹಾಗಾಗಿ ಆ ಶನಿವಾರ, ಪೋರ್ಟ್‌ಲೆಂಡಿನ ನಮ್ಮ ಬೀದಿಯ ಕೊನೆಯ ಮನೆಯಿಂದ ‘ಜಪಾನಿ ಮೇಜುವಸ್ತ್ರ, 15 ಡಾಲರ್’ ಎಂಬ ಚೀಟಿ ಅಂಟಿಸಿದ್ದ ಬಟ್ಟೆಯೊಂದನ್ನು ಕಂಕುಳಲ್ಲಿ ಅಡಗಿಸಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಆ ಮನೆಯ ಅಜ್ಜ ತೀರಿಕೊಂಡು ತಿಂಗಳಾಗಿತ್ತು. ಮಕ್ಕಳು ಮನೆ ಖಾಲಿ ಮಾಡುತ್ತಿದ್ದರು.

ಬಿಡಿಸಿ ನೋಡಿದರೆ ಅದು ಮೇಜುವಸ್ತ್ರವಲ್ಲ. ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಚಹಾದ ಬಣ್ಣಕ್ಕೆ ತಿರುಗಿದ ರೇಷ್ಮೆ. ನಡುವೆ ಕೆಂಪು ಸೂರ್ಯ. ಅದರ ಸುತ್ತ ಕಿರಣಗಳ ಹಾಗೆ ಕುಂಚದಲ್ಲಿ ಬರೆದ ಹೆಸರುಗಳು. ದಾರ ಕಟ್ಟುವ ಮೂಲೆ ಹರಿಯದಿರಲಿ ಎಂದು ಹೊಲಿದ ಚರ್ಮದ ಚೂರು. ಜಪಾನಿಯಲ್ಲಿ ಇದನ್ನು ‘ಯೋಸೆಗಾಕಿ ಹಿನೊಮಾರು’ ಎನ್ನುತ್ತಾರೆ. ಯೋಸೆಗಾಕಿ ಎಂದರೆ ಹಲವರು ಒಂದೇ ಕಡೆ ಸೇರಿ ಬರೆದದ್ದು, ಹಿನೊಮಾರು ಎಂದರೆ ಸೂರ್ಯನ ಬಿಲ್ಲೆಯ ಬಾವುಟ. ‘ಕೆಂಪು ಕಾಗದ’ ಎಂದೇ ಕರೆಯುತ್ತಿದ್ದ ಸೇನೆಯ ಕರೆ ಬಂದ ಹುಡುಗನಿಗೆ ಮನೆಯವರು, ನೆರೆಯವರು, ಸಹಪಾಠಿಗಳು, ಕಾರ್ಖಾನೆಯ ಗೆಳೆಯರು ಸಹಿ ಹಾಕಿ ಕೊಡುತ್ತಿದ್ದ ಬಾವುಟ. ಅವನು ಮಡಚಿ ಮೈಗೆ ತಾಗಿಸಿಕೊಂಡೇ ಇರುತ್ತಿದ್ದ. ಅವನು ಸತ್ತ ಮೇಲೆ ಎದುರಾಳಿ ಸೈನಿಕ ನೆನಪಿಗೆಂದು ತೆಗೆದುಕೊಳ್ಳುತ್ತಿದ್ದ. ಮಡಚಿದರೆ ಜೇಬಿಗೆ ಹಿಡಿಸುವ ವಸ್ತು. ಕತ್ತಿಯ ಹಾಗೆ ಹೊರಬೇಕಾಗಿರಲಿಲ್ಲ.

ಇಷ್ಟೆಲ್ಲ ಆಮೇಲೆ ತಿಳಿದದ್ದು. ಅಂದು ನನಗಿದ್ದ ಬಂಡವಾಳ, ನಗೋಯಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಕಲಿತ ಜಪಾನಿ ಮತ್ತು ಅದರ ಎರಡರಷ್ಟು ಅಹಂಕಾರ. ಹಳೆಯ ಕಾಲದಲ್ಲಿ ಅಡ್ಡಸಾಲನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು ಎಂಬುದೂ ಗೊತ್ತಿತ್ತು. ನೆತ್ತಿಯಲ್ಲಿ ದೊಡ್ಡದಾಗಿ ಬರೆದಿದ್ದ ನಾಲ್ಕು ಅಕ್ಷರಗಳನ್ನು ಬಲದಿಂದಲೇ ಓದಿದೆ. ಮೊದಲೆರಡು ‘ಬುಉನ್’. ಉಳಿದೆರಡು ‘ನಾಗಾಹಿಸಾ’, ಗಂಡಸರಿಗೆ ಇಡುವ ಹೆಸರೇ. ಸಿಕ್ಕಿದ! ಬುಉನ್ ನಾಗಾಹಿಸಾ. ಒಂದು ವಾರ ನಿದ್ದೆಗೆಟ್ಟು ಬುಉನ್ ಮನೆತನದವರನ್ನು ಹುಡುಕಿದೆ. ಹುಡುಕಿದಷ್ಟೂ ಬೆರಗು. ಯಾವ ವಸ್ತುಸಂಗ್ರಹಾಲಯದ ಬಾವುಟದ ಚಿತ್ರ ತೆಗೆದರೂ ಅದರಲ್ಲಿ ಬುಉನ್ ನಾಗಾಹಿಸಾ ಇದ್ದಾನೆ! ಎಂಥ ಯೋಧನಿರಬೇಕು, ಎಷ್ಟು ರಣರಂಗಗಳಲ್ಲಿ ಎಷ್ಟು ಬಾವುಟ ಕಳೆದುಕೊಂಡಿರಬೇಕು ಎಂದುಕೊಂಡೆ.

ಕೊನೆಗೆ ನಗೋಯಾದ ನನ್ನ ಹಳೆಯ ಮೇಲಧಿಕಾರಿಗೆ ಪತ್ರ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ಪಾಪ, ನಗು ತಡೆದುಕೊಳ್ಳಲು ಎರಡು ದಿನ ಬೇಕಾಗಿರಬೇಕು. ‘ಆ ಹೆಸರಿನವರು ನಮ್ಮ ಸೇನೆಯಲ್ಲಿ ಬಹಳ ಜನ ಇದ್ದರೆಂದು ಕಾಣುತ್ತದೆ. ಆದರೆ ದಯವಿಟ್ಟು ಬು-ಉನ್-ಚೋ-ಕ್ಯೂ ಎಂದು ಓದಿ.’ ಅಂದರೆ ಯುದ್ಧದಲ್ಲಿ ನಿನ್ನ ಅದೃಷ್ಟ ಬಹುಕಾಲ ಬಾಳಲಿ ಎಂಬ ಹಾರೈಕೆ. ಯಾರೋ ಜಪಾನಿ ವಿದ್ವಾಂಸ ನಮ್ಮ ಮದುವೆ ಕರೆಯೋಲೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಕರ್ನಾಟಕದ ಮದುಮಗಂದಿರ ಹೆಸರೆಲ್ಲ ‘ಚಿ॥ರಾ॥’ ಎಂದು ಪ್ರಬಂಧ ಮಂಡಿಸಿದ ಹಾಗಾಯಿತು.

ಹುಡುಗನ ನಿಜವಾದ ಹೆಸರು ಎಡ ಅಂಚಿನಲ್ಲಿ ಚಿಕ್ಕದಾಗಿತ್ತು. ಕೊನೆಯಲ್ಲಿ ‘ಕುನ್’ ಎಂದು ಸಲಿಗೆಯ ಗೌರವ. ಮನೆತನದ ಹೆಸರು ಸುಝುಕಿ. ಮುಂದಿನ ಹೆಸರಿನ ಮೇಲೆ ಕಂದು ಕಲೆ. ಏನಿರಬಹುದು ಎಂದು ನಾನೂ ಕೇಳಿಕೊಳ್ಳಲಿಲ್ಲ, ನನ್ನವಳೂ ಕೇಳಲಿಲ್ಲ. “ಸುಝುಕಿ ಅಂದ್ರೆ ನಮ್ಮ ಮಾರುತಿ ಕಾರಿನವರೇನ್ರೀ?” ಎಂದಷ್ಟೇ ಕೇಳಿದಳು. ಜಪಾನಿನಲ್ಲಿ ಸುಝುಕಿಯನ್ನು ಹುಡುಕುವುದೆಂದರೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು “ಗೌಡ್ರೇ” ಎಂದು ಕೂಗಿದಂತೆ.

ಉಳಿದ ಹೆಸರುಗಳು ಇನ್ನೊಂದು ಬಗೆಯ ಕಾಟ. ಒಂದೇ ಎರಡಕ್ಷರವನ್ನು ಸಾಚಿಕೊ ಎಂದೂ ಓದಬಹುದು, ಯುಕಿಕೊ ಎಂದೂ ಓದಬಹುದು; ಅವಳನ್ನೇ ಕೇಳಬೇಕು. ಯುದ್ಧದ ನಂತರ ಎಷ್ಟೋ ಅಕ್ಷರಗಳನ್ನು ಸರಳಗೊಳಿಸಿದ್ದರಿಂದ ಇಂದಿನ ಜಪಾನಿ ಹುಡುಗರಿಗೂ ಈ ಬಾವುಟ ಸಲೀಸಾಗಿ ಓದಲು ಬರುವುದಿಲ್ಲ. ನನಗೆ ತಟ್ಟನೆ ದಕ್ಕಿದವರು ಅಜ್ಜಿಯರು. ಅವರ ಹೆಸರು ಬರೀ ಎರಡು ಸರಳ ಅಕ್ಷರ: ಹರು, ಕಿಯೊ, ತೊಮೆ. ತೊಮೆ ಎಂದರೆ ‘ನಿಲ್ಲಿಸು’. ಇದೇ ಕೊನೆಯ ಕೂಸಾಗಲಪ್ಪ ಎಂದು ಇಡುತ್ತಿದ್ದ ಹೆಸರು. ಸಾಕಮ್ಮ! ನಮ್ಮ ಓಣಿಯಲ್ಲೇ ಇದ್ದಳಲ್ಲ! ಆಮೇಲೆ ಆ ಬಾವುಟ ನನಗೆ ಪರಕೀಯವಾಗಲಿಲ್ಲ. ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ, ಯಾರ ಪಕ್ಕ ಯಾರು ಬರೆದಿದ್ದಾರೆ, ಯಾರ ಕೈ ನಡುಗಿದೆ ಎಂದು ನೋಡುತ್ತಾ ಕೂರತೊಡಗಿದೆ.

ಒಂದು ಮಾತು ಮಾತ್ರ ಎಲ್ಲೂ ಇರಲಿಲ್ಲ. ನಾವು ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಜಪಾನಿಯರೂ ಥೇಟ್ ಹಾಗೆಯೇ: ‘ಇತ್ತೆ ಕಿಮಾಸು’, ಹೋಗಿ ಬರ್ತೀನಿ. ದಿನವೂ ಅನ್ನುವ ಆ ಮಾತಿನ ಉತ್ತರಾರ್ಧವನ್ನು ಊರೆಲ್ಲ ನೋಡುವ ಬಾವುಟದ ಮೇಲೆ ಬರೆಯುವಂತಿರಲಿಲ್ಲ. ವಿಜಯ, ರಾಜನಿಷ್ಠೆ, ದೇಶಸೇವೆ ಎಲ್ಲವನ್ನೂ ಬರೆಯಬಹುದು. ‘ಬದುಕಿ ಬಾ ಮಗನೇ’ ಎನ್ನುವಂತಿಲ್ಲ. ಅದಕ್ಕೇ ಕೆಲವರು ಹುಲಿಯ ಚಿತ್ರ ಬರೆದರು. ಹುಲಿ ಸಾವಿರ ಹರದಾರಿ ಹೋದರೂ ಸಾವಿರ ಹರದಾರಿ ಮರಳಿ ಬರುತ್ತದೆ ಎಂಬುದು ಅಲ್ಲಿನ ಗಾದೆ. ಸಾವಿರ ಹೆಂಗಸರು ಒಂದೊಂದು ಹೊಲಿಗೆ ಹಾಕಿದ ಸೊಂಟಪಟ್ಟಿಯನ್ನೂ ಕೊಡುತ್ತಿದ್ದರು. ಹುಲಿ ವರ್ಷದಲ್ಲಿ ಹುಟ್ಟಿದವಳು ಮಾತ್ರ ತನ್ನ ವಯಸ್ಸಿನಷ್ಟು ಹೊಲಿಗೆ ಹಾಕಬಹುದಿತ್ತು. ಅದರಲ್ಲಿ ಐದು ಸೆನ್‌ನ ನಾಣ್ಯ ಹೊಲಿಯುತ್ತಿದ್ದರು. ‘ನಾಲ್ಕು ಸೆನ್’ ಎಂಬುದು ಜಪಾನಿಯಲ್ಲಿ ‘ಸಾವಿನ ಗೆರೆ’ ಎಂದೂ ಕೇಳಿಸುತ್ತದೆ; ಐದು ಇದ್ದರೆ ಗೆರೆ ದಾಟಿದಂತೆ. ಸರ್ಕಾರಕ್ಕೆ ಗೊತ್ತಾಗದ ಹಾಗೆ ದೇವರ ಜೊತೆ ಮಾತಾಡುವ ಉಪಾಯಗಳು.

ಇಷ್ಟು ಕರಗಿದ್ದಾಗ ನನ್ನವಳು ಎಚ್ಚರಿಸಿದಳು. ಅವಳು ಮಡಿಕೇರಿಯವಳು. “1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ನಮ್ಮ ಜನರಲ್ ತಿಮ್ಮಯ್ಯನವರು ಕಾದಾಡಿದ್ದು ಯಾರ ಜೊತೆ? ಆ ಜಪಾನಿಯರು ಮಾಡಿದ ಹಿಂಸೆ ಕಮ್ಮಿಯೇ? ನೀವು ನೋಡಿದರೆ ಅವರ ಬಟ್ಟೆಗೆ ಜೋಗುಳ ಹಾಡ್ತಿದ್ದೀರಿ.” ನಿಜ. ನಾನು ವಾದಿಸಲಿಲ್ಲ. ಸಾಕಮ್ಮನ ಸಹಿ ತೋರಿಸಿದೆ, ಅಷ್ಟೇ. ಅವಳೂ ಮುಂದೆ ವಾದಿಸಲಿಲ್ಲ.

ಬದಲಿಗೆ ಬಾವುಟದ ಯಜಮಾನಿಕೆ ವಹಿಸಿಕೊಂಡಳು. ನಾನು ಚೌಕಟ್ಟು ಹಾಕಿಸಿ ಕಿಟಕಿಯ ಎದುರು ತೂಗುಹಾಕುವ ಯೋಚನೆಯಲ್ಲಿದ್ದೆ. “ರೇಷ್ಮೆ ಕಣ್ರೀ, ಬಿಸಿಲಿಗೆ ಪುಡಿಯಾಗುತ್ತೆ. ಒಂದೇ ಮಡಿಕೆಯಲ್ಲಿಟ್ಟರೆ ಮಡಿಕೆಯಲ್ಲೇ ಸೀಳುತ್ತೆ. ನುಸಿಗುಳಿಗೆ ತಾಗಿಸಬೇಡಿ.” ಹಳೆಯ ಪಂಚೆಯೊಂದನ್ನು ಗಂಜಿಯಿಲ್ಲದೆ ಒಗೆದು ಒಣಗಿಸಿ, ಅದರಲ್ಲಿ ಬಾವುಟವನ್ನು ಮಡಚದೆ ಸುರುಳಿ ಸುತ್ತಿಟ್ಟಳು. ಆಮೇಲೆ ಬಟ್ಟೆ ಸಂರಕ್ಷಣೆಯ ಪುಸ್ತಕ ತರಿಸಿ ಓದಿದರೆ, ಮುನ್ನೂರು ಪುಟಗಳಲ್ಲಿ ಅವಳು ಹೇಳಿದ್ದೇ ಇತ್ತು. ಒಗೆದು ಕಲೆ ತೆಗೆಯೋಣವೇ ಎಂದು ನಾನು ಕೇಳಿದ್ದಕ್ಕೆ ಮಾತ್ರ ಅವಳು ಉತ್ತರಿಸಲಿಲ್ಲ. ಅವಳ ಬೀರುವಿನ ಮೇಲಿನ ಅರೆಯಲ್ಲಿ ಅವಳ ಅಮ್ಮನ ಒಂದು ಸೀರೆ ಇದೆ. ಅಮ್ಮ ಕೊನೆಯ ಸಲ ಉಟ್ಟು ಬಿಚ್ಚಿಟ್ಟದ್ದು. ಹನ್ನೊಂದು ವರ್ಷದಿಂದ ಅದು ನೀರು ಕಂಡಿಲ್ಲ.

2017ರ ಆಗಸ್ಟಿನಲ್ಲಿ 93 ವರ್ಷದ ಅಮೆರಿಕನ್ ಮಾಜಿ ಸೈನಿಕರೊಬ್ಬರು, 1944ರಲ್ಲಿ ಸೈಪಾನ್ ದ್ವೀಪದಲ್ಲಿ ತೆಗೆದುಕೊಂಡಿದ್ದ ಬಾವುಟವನ್ನು ಗಿಫು ಪ್ರಾಂತ್ಯದ ಹಿಗಾಶಿಶಿರಕಾವಾ ಹಳ್ಳಿಗೆ ತಾವೇ ಒಯ್ದು ಕೊಟ್ಟರು. ಸತ್ತವನ ತಮ್ಮನಿಗೂ ಆಗ ತೊಂಬತ್ತರ ಹತ್ತಿರ. ಆ ತಮ್ಮ ಬಾವುಟದಲ್ಲಿ ಮುಖ ಹುದುಗಿಸಿ ಅದರ ವಾಸನೆ ಹಿಡಿದರಂತೆ. ಹೊರನಾಡಿನಲ್ಲಿ ಸತ್ತ ಸುಮಾರು 24 ಲಕ್ಷ ಜಪಾನಿಯರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ಎಲುಬೂ ಮನೆಗೆ ಮರಳಿಲ್ಲ. ಎಷ್ಟೋ ಮನೆಗಳಿಗೆ ಬಂದ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಕಲ್ಲು. ಒಗೆದಿದ್ದರೆ ಆ ತಮ್ಮನಿಗೆ ಸಿಗುತ್ತಿದ್ದದ್ದು ಅಮೆರಿಕದ ಸೋಪಿನ ಪುಡಿಯ ಘಮ.

ಇಂಥ ಬಾವುಟಗಳ ಮನೆ ಹುಡುಕಿ ಮುಟ್ಟಿಸುವ ‘ಓಬೋನ್ ಸೊಸೈಟಿ’ ಎಂಬ ಸಂಸ್ಥೆ ನಮ್ಮೂರಿಂದ ಎರಡು ಗಂಟೆಯ ದಾರಿಯ ಅಸ್ಟೋರಿಯಾದಲ್ಲಿದೆ; ದಂಪತಿಯೊಬ್ಬರು 2009ರಲ್ಲಿ ಶುರು ಮಾಡಿದ್ದು. ಹೆಂಡತಿಯ ಅಜ್ಜ ಬರ್ಮಾದಲ್ಲಿ ಸತ್ತವರು. ಅವರ ಬಾವುಟವೂ ಹೀಗೇ ಮರಳಿ ಬಂದಿತ್ತಂತೆ. ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನವಳೇ ಒಯ್ದು ಕೊಟ್ಟಳು. ಪಂಚೆ ವಾಪಸು ಕೇಳಲಿಲ್ಲ. ಸುಝುಕಿಗಳ ಸಂಖ್ಯೆ ನೋಡಿದರೆ ಉತ್ತರ ಬರಲು ಕಾಲ ಹಿಡಿದೀತು.

ಬರ್ಮಾಕ್ಕೆ ಹೋಗಿ ಬಂದ ಅಜ್ಜನ ಟ್ರಂಕು ನಿಮ್ಮ ಅಟ್ಟದಲ್ಲೂ ಇರಬಹುದು. ಅದರ ತಳದಲ್ಲಿ ಕೆಂಪು ಬೊಟ್ಟಿನ ಹಳೆಯ ಬಟ್ಟೆ ಸಿಕ್ಕರೆ ದಯವಿಟ್ಟು ಒಗೆಯಬೇಡಿ. ಇಸ್ತ್ರಿಯಂತೂ ಬೇಡವೇ ಬೇಡ. ಫೋಟೋ ತೆಗೆದು ನನಗೆ ಕಳುಹಿಸಿ. ಓದಲು ಒಂದು ತಿಂಗಳು ಬೇಕು.